ಕ್ಲಚ್ಚಿಲ್ಲದ ಜೀಪು ಎರಡು ಸಲ ಸುಟ್ಟಿದ್ದು

ಕ್ಲಚ್ ಪೆಡಲ್ ಇಲ್ಲದ ಗಾಡಿ ಕೊಳ್ಳುವ ಗಂಡಸರಲ್ಲಿ ಹೆಚ್ಚಿನವರು ಎಡಗಾಲಿಗೆ ಸಿಕ್ಕಿದ ರಜೆಯನ್ನು ತಲೆಗೂ ಕೊಟ್ಟುಬಿಡುತ್ತಾರೆ. ಮುಂಬಯಿಯಲ್ಲಿ ಯಾರೋ ಹತ್ತು ವರ್ಷ ಓಡಿಸಿ ಬಿಟ್ಟ ಹಳೇ ಜಪಾನ್ ಜೀಪು ತರುತ್ತಾರೆ. ತಂದ ದಿನ ಬಾನೆಟ್ಟಿಗೆ ಹೂವಿನ ಹಾರ, ಎದುರು ಗಾಜಿಗೆ ದೇವರ ಹೆಸರು. ಗೇರ್ ಬಾಕ್ಸಿನ ಆಯಿಲ್ ಬದಲಿಸಿದ್ದು ಯಾವಾಗ ಅಂತ ಕೇಳಿದರೆ, "ಅದಕ್ಕೂ ಆಯಿಲ್ ಉಂಟಾ?" ಅನ್ನುತ್ತಾರೆ.

ನಮ್ಮ ಗ್ಯಾರೇಜು ಯಲ್ಲಾಪುರದ ಹೆದ್ದಾರಿ ಬದಿಗೆ. ಗಂಡ ಕಟ್ಟಿದ್ದು, ಅವರು ಹೋದ ಮೇಲೆ ನಾನು ನಡೆಸಿದ್ದು. ನಾನು ಓದಿದ್ದು ಮೂರನೇ ಇಯತ್ತೆ. ಬಿಚ್ಚಿದ ಸಾಮಾನನ್ನು ಡೀಸೆಲ್‌ನಲ್ಲಿ ತೊಳೆದು, ಬಿಚ್ಚಿದ ಕ್ರಮದಲ್ಲೇ ಗೋಣಿಚೀಲದ ಮೇಲೆ ಸಾಲಾಗಿ ಇಡುವುದು ನನ್ನ ಕೆಲಸ. ಬಿಚ್ಚುವುದು, ಕಟ್ಟುವುದು ಮೇಸ್ತ್ರಿಯದು. ಭಟ್ಕಳದ ಕಡೆಯವನು. ಮಸ್ಕತ್ತಿನಲ್ಲಿ ಬಹಳ ವರ್ಷ ಇಂಥ ಬಾಕ್ಸುಗಳನ್ನೇ ಬಿಚ್ಚಿ ಕಟ್ಟಿ, ಬೆನ್ನು ನೋಯತೊಡಗಿದ ಮೇಲೆ ಊರಿಗೆ ಬಂದು ನಮ್ಮಲ್ಲಿ ಸೇರಿಕೊಂಡಿದ್ದ. ಹುಬ್ಬಳ್ಳಿಯಿಂದ ಅಂಕೋಲೆಯ ತನಕ ತನ್ನಷ್ಟಕ್ಕೆ ಗೇರು ಬದಲಿಸುವ ಬಾಕ್ಸನ್ನು ಬಿಚ್ಚಿ ಮತ್ತೆ ಕೂಡಿಸಬಲ್ಲವನು ಆಗ ಅವನೊಬ್ಬನೇ. ಬಿಚ್ಚುವವರು ಬೇಕಾದಷ್ಟು ಜನ ಇದ್ದರು.

ಅದಿರಿನ ಲಾರಿಗಳು ಹಗಲಿಡೀ ಸಾಲುಗಟ್ಟಿ ಬಂದರಿನ ಕಡೆ ಇಳಿಯುತ್ತಿದ್ದ ವರ್ಷಗಳು ಅವು. ಶಿವರಾತ್ರಿ ಕಳೆದು ಸೆಕೆ ಏರುತ್ತಿತ್ತು. ಖಾಲಿ ಹಿಂತಿರುಗುತ್ತಿದ್ದ ಅದಿರಿನ ಲಾರಿಯೊಂದು ಒಂದು ಬಿಳಿ ಜೀಪನ್ನು ಹಗ್ಗ ಕಟ್ಟಿ ಎಳೆದು ತಂದು ನಮ್ಮ ಅಂಗಳದಲ್ಲಿ ಬಿಟ್ಟಿತು. ಇದಕ್ಕೆ ಡ್ರೈವರುಗಳು ಟೋಚನ್ ಅನ್ನುತ್ತಾರೆ. ಅರಬೈಲ್ ಘಟ್ಟದ ನಡುವಿನಿಂದ ಹಾಗೇ ತಂದಿದ್ದರು, ನಾಲ್ಕೂ ಚಕ್ರ ನೆಲದ ಮೇಲೆ ಉರುಳಿಸಿಕೊಂಡು.

ಮೇಸ್ತ್ರಿ ಬೋಲ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟು, "ಯಾರು ಎಳೆಸಿದ್ದು ಇದನ್ನ?" ಅಂತ ಕೂಗಿದ.

ಜೀಪಿನ ಡ್ರೈವರು ಹಾವೇರಿ ಕಡೆಯವನು. ಮೊದಲು ಲಾರಿ ಓಡಿಸುತ್ತಿದ್ದವನು. ಟವಲು ಕೊಡವುತ್ತ ಇಳಿದ. "ನಾನ ಎಳಸೇನಿ. ಏನ್ ಹೊತ್ಕೊಂಡ್ ಬರ್ಲೇನ್ರಿ? ಎಕ್ಸಲೇಟರ್ ತುಳದ್ರ ಇಂಜಿನ್ ಒದರತೈತಿ, ಗಾಲಿ ತಿರಗಂಗಿಲ್ಲ."

"ಇಂಜಿನ್ ಬಂದ್ ಇದ್ರೆ ಒಳಗೆ ಪಂಪು ತಿರುಗೂದಿಲ್ಲ ಮಾರಾಯ. ಒಂದು ತೊಟ್ಟು ಆಯಿಲ್ ಇಲ್ದೇ ಅಷ್ಟು ದೂರ ಒಣಗೇ ತಿರುಗಿದೆ ಅದು."

"ಲಾರಿ ಎಷ್ಟ್ ಎಳಸೇನಿ, ಏನೂ ಆಗಿಲ್ಲ."

ಲಾರಿಗೆ ಆಗುವುದಿಲ್ಲ. ಲಾರಿಯ ಗೇರು ಆಯಿಲ್‌ನಲ್ಲಿ ಮುಳುಗಿ ಕೂತಿರುತ್ತದೆ, ಎಮ್ಮೆ ಕೆರೆಯಲ್ಲಿ ಕೂತ ಹಾಗೆ. ಈ ಬಾಕ್ಸು ಬೇರೆ ಜಾತಿ. ಇಂಜಿನ್ ತಿರುಗಿದರೆ ಒಳಗಿನ ಪಂಪು ತಿರುಗುತ್ತದೆ, ಪಂಪು ಆಯಿಲನ್ನು ಒತ್ತುತ್ತದೆ, ಆ ಒತ್ತಡ ತೆಳ್ಳಗಿನ ಪ್ಲೇಟುಗಳನ್ನು ಒಂದಕ್ಕೊಂದು ಬಿಗಿಯಾಗಿ ಹಿಡಿಸುತ್ತದೆ. ಹಿಡಿತ ಸಡಿಲವಾದರೆ ಪ್ಲೇಟು ಜಾರುತ್ತದೆ, ಜಾರಿದರೆ ಬಿಸಿಯಾಗುತ್ತದೆ, ಬಿಸಿ ಹೆಚ್ಚಾದರೆ ಆಯಿಲ್ ಸುಡುತ್ತದೆ, ಸುಟ್ಟ ಆಯಿಲ್ ಮತ್ತಷ್ಟು ಜಾರಿಸುತ್ತದೆ. ಇಷ್ಟೇ ವಿದ್ಯೆ. ಮೂರನೇ ಇಯತ್ತೆಯ ನನಗೆ ತಿಳಿದದ್ದು ಕಾಲೇಜು ಓದಿದವರಿಗೆ ತಿಳಿಯುವುದಿಲ್ಲ, ಯಾಕೆಂದರೆ ಅವರು ಕೇಳುವುದೇ ಇಲ್ಲ.

ಜೀಪಿನ ಯಜಮಾನ ಸಿದ್ದಾಪುರದ ಕಡೆಯ ರಸ್ತೆ ಗುತ್ತಿಗೆದಾರ. ಮಧ್ಯಾಹ್ನ ಇನ್ನೊಂದು ಗಾಡಿಯಲ್ಲಿ ಬಂದ. ಇಸ್ತ್ರಿಯ ಬಿಳಿ ಅಂಗಿ, ಎದೆಯ ಕಿಸೆಯಲ್ಲಿ ಮೊಬೈಲು. ಬಾಕ್ಸಿನ ಆಯಿಲ್ ನೋಡುವ ಕಡ್ಡಿಯನ್ನು ಮೇಸ್ತ್ರಿ ಎಳೆದು ತೋರಿಸಿದ. ಹೊಸ ಆಯಿಲ್ ದಾಳಿಂಬೆ ರಸದ ಹಾಗೆ ಕೆಂಪಗಿರುತ್ತದೆ. ಇದು ಕಾಡಿಗೆಯಾಗಿತ್ತು, ಸೀದ ವಾಸನೆ. ಆಯಿಲ್ ನಿಲ್ಲುವ ಕೆಳಗಿನ ಚೇಂಬರ್ ಇಳಿಸಿದಾಗ ತಳದಲ್ಲಿ ಕಪ್ಪು ಕೆಸರು. ಬಾಕ್ಸು ಬಿಚ್ಚಿ ಹೊರತೆಗೆದ ಪ್ಲೇಟುಗಳ ಮೇಲಿನ ಪದರು ನನ್ನ ಉಗುರಿಗೇ ಕಿತ್ತು ಬಂತು.

"ಎಳೆದು ತಂದಿದ್ದಕ್ಕೆ ಹೀಗಾಯ್ತಾ?" ಅಂದ ಗುತ್ತಿಗೆದಾರ.

"ಎಳೆಯೂ ಮೊದ್ಲೇ ಜಾರ್ತಾ ಇತ್ತು. ಎಳೆದದ್ದು ಉಳಿದಿದ್ದನ್ನೂ ತೆಗೀತು," ಅಂದ ಮೇಸ್ತ್ರಿ.

ನಾವೆಲ್ಲ ಎಳೆದದ್ದನ್ನೇ ಹಿಡಿದುಕೊಂಡೆವು. ಘಟ್ಟದಲ್ಲಿ ಅದು ನಿಂತದ್ದಾದರೂ ಯಾಕೆ ಅನ್ನುವುದನ್ನು ಹತ್ತು ವರ್ಷದ ಹಳೇ ಆಯಿಲ್‌ನ ತಲೆಗೆ ಕಟ್ಟಿ ಮುಗಿಸಿದೆವು.

ಹೊಸ ಪ್ಲೇಟು, ಹೊಸ ಸೀಲು, ಹೊಸ ಜಾಲರಿ ಮುಂಬಯಿಯಿಂದ ಬರಲು ಮೂರು ವಾರ ಬೇಕಾಯಿತು. ಬಂದ ಪೊಟ್ಟಣ ಒಡೆದವಳು ನಾನು. ಪ್ಲೇಟು ಎಣಿಸಿದವಳೂ ನಾನು. ಕಟ್ಟುವ ಮೊದಲು ಅವನ್ನು ಕೆಂಪು ಆಯಿಲ್‌ನಲ್ಲಿ ನೆನೆ ಹಾಕಬೇಕು, ಒಣಗಿದ್ದನ್ನು ಹಾಕಿದರೆ ಮೊದಲ ಏರಿನಲ್ಲೇ ಸುಡುತ್ತದೆ. ರಾತ್ರಿಯಿಡೀ ನೆನೆದ ಪ್ಲೇಟನ್ನು ಒಂದೊಂದಾಗಿ ಮೇಸ್ತ್ರಿಯ ಕೈಗೆ ಕೊಟ್ಟೆ. ಅವನು ಆಯಿಲ್ ಹೋಗಿ ಬರುವ ಎರಡು ಕೊಳವೆಗಳಿಗೂ ಗಾಳಿ ಊದಿ, ದಾರಿ ಸಾಫ್ ಇದೆ ಅಂತ ನೋಡಿಕೊಂಡ. ಬಾಕ್ಸು ಕೂರಿಸಿ, ಇಂಜಿನ್ ಓಡುತ್ತಿರುವಾಗಲೇ ಸಮತಟ್ಟಾದ ಜಾಗದಲ್ಲಿ ಅಳತೆ ನೋಡಿ ಆಯಿಲ್ ತುಂಬಿದ. ಇಂಜಿನ್ ಬಂದ್ ಮಾಡಿ ಕಡ್ಡಿ ನೋಡಿದರೆ ಅಳತೆ ತಪ್ಪುತ್ತದೆ. ಇದನ್ನು ಡ್ರೈವರಿಗೆ ಮೂರು ಸಲ ಹೇಳಿದ. ಡ್ರೈವರು ಮೂರು ಸಲವೂ "ಹೂಂನ್ರಿ" ಅಂದ, ಕಣ್ಣು ರಸ್ತೆಯ ಮೇಲಿತ್ತು.

ಎರಡು ತಿಂಗಳು ಕಳೆಯಲಿಲ್ಲ. ಮಳೆಗೆ ಇನ್ನೂ ತಿಂಗಳಿತ್ತು. ಜೀಪು ಮತ್ತೆ ಬಂತು. ಈ ಸಲ ಹಗ್ಗದಲ್ಲಿ ಅಲ್ಲ, ಲಾರಿಯ ಮೇಲೆ ಕೂತು ಬಂತು. ಅಷ್ಟಾದರೂ ಕಲಿತಿದ್ದರು. ಕಡ್ಡಿ ಎಳೆದೆ. ಕಪ್ಪು, ಸೀದ ವಾಸನೆ.

ಗುತ್ತಿಗೆದಾರ ನಮ್ಮ ಅಂಗಳಕ್ಕೆ ಬರಲೇ ಇಲ್ಲ. ರಸ್ತೆಯಾಚೆ ಚಾ ಹೊಟೇಲಿನಲ್ಲಿ ಕೂತು ಮನೆಗೆ ಫೋನು ಮಾಡುತ್ತಿದ್ದ. ಅವರ ಮನೆಮಾತು ಇಲ್ಲಿಯ ತನಕ ಕೇಳುತ್ತಿತ್ತು. "ಇಲ್ಲೆ, ಇವತ್ತು ಬಪ್ಪಲೆ ಆಗ್ತಿಲ್ಲೆ. ಮತ್ತೆ ಸುಟ್ಟು ಹೋಜಡ. ಎಂತ ಮಾಡವು ಹೇಳು?" ಜೀಪು ಮತ್ತೆ ಸುಟ್ಟಿದೆಯಂತೆ, ಇವತ್ತು ಬರಲಾಗದು ಅಂತ ತಿಳಿಸಿ, ಫೋನು ಕಿಸೆಗೆ ಹಾಕಿ, ಅಲ್ಲಿದ್ದ ಹತ್ತು ಹನ್ನೆರಡು ಲಾರಿ ಡ್ರೈವರುಗಳಿಗೆಲ್ಲ ಕೇಳುವ ಹಾಗೆ, ಊರಮಾತಿನಲ್ಲಿ ಹೇಳಿದ. "ಹೊಸ ಪ್ಲೇಟು ಎರಡು ತಿಂಗ್ಳಿಗೆ ಸುಡ್ತದಾ? ನನ್ನ ಪ್ಲೇಟು ಎಲ್ಲಿಗೋ ಹೋಗಿದೆ. ಹಳೇದನ್ನೇ ಒರೆಸಿ ಹಾಕಿದ್ದಾನೆ ಆ ಮೇಸ್ತ್ರಿ. ಕಳ್ಳ!"

ಮೇಸ್ತ್ರಿ ಅಲ್ಲೇ ಇದ್ದ. ಬೆಳಗಿನ ಚಾ ಕುಡಿಯಲು ಹೋಗಿದ್ದವನು. ಲೋಟ ಅರ್ಧ ತುಂಬಿದ್ದ ಹಾಗೇ ಇಟ್ಟು ರಸ್ತೆ ದಾಟಿ ಬಂದ. ಅಂದಿನಿಂದ ಅವನು ಹೊಟೇಲಿನ ಕಡೆ ಮುಖ ಹಾಕಲಿಲ್ಲ.

ನಾನು ದಾಟಿ ಹೋದೆ. "ಪ್ಲೇಟು ಎಣಿಸಿದವಳು ನಾನು. ನೆನೆಸಿದವಳು ನಾನು. ಕಳ್ಳ ಅನ್ನೂದಾದ್ರೆ ನನ್ನ ಮುಖಕ್ಕೆ ಅನ್ನಿ."

"ಅಮ್ಮಾ, ನಿಮ್ಗೆ ಎಂತ ಗೊತ್ತಾಗ್ತದೆ? ಹಳೇದು ಯಾವ್ದು, ಹೊಸದು ಯಾವ್ದು ಅಂತ."

"ಪೊಟ್ಟಣ ಒಡೆಯೂದಕ್ಕೆ ಕಾಲೇಜು ಬೇಕಾ?"

"ಹಾಗಾದ್ರೆ ನೀವಿಬ್ರೂ ಸೇರಿದ್ದೀರಿ," ಅಂದು ನಕ್ಕ. "ಇನ್ನೊಂದು ಸಲ ಕಟ್ಟಿ ಕೊಡಿ. ಅದೂ ಸುಟ್ಟರೆ ಸ್ಟೇಷನ್ನಿಗೆ ಹೋಗಿ ಬರೆದು ಕೊಡ್ತೇನೆ, ಅವನ ಹೆಸರಲ್ಲಿ."

ಮೇಸ್ತ್ರಿಗೆ ಮಸ್ಕತ್ತಿಗೆ ಹೋಗುವ ಬೆನ್ನು ಉಳಿದಿರಲಿಲ್ಲ. ಹೆಸರು ಕೆಟ್ಟರೆ ಈ ರಸ್ತೆಯಲ್ಲಿ ಬೇರೆ ಯಾವ ಗ್ಯಾರೇಜೂ ಅವನನ್ನು ಒಳಗೆ ಬಿಡುತ್ತಿರಲಿಲ್ಲ. ಅವನಿಲ್ಲದೆ ನನ್ನ ಗ್ಯಾರೇಜೂ ಪಂಕ್ಚರ್ ಅಂಗಡಿಯೇ.

ಎರಡನೇ ಸಲ ಕಟ್ಟುವಾಗ ಡ್ರೈವರನ್ನು ಎದುರಿಗೆ ಸ್ಟೂಲು ಹಾಕಿ ಕೂರಿಸಿದೆ. ಒಂದೊಂದು ಪೊಟ್ಟಣವನ್ನೂ ಅವನ ಕೈಯಿಂದಲೇ ಒಡೆಸಿದೆ. ಅವನು ಎರಡನೇ ದಿನ ತೂಕಡಿಸಿ ಬಿದ್ದ. ಬಾಕ್ಸು ಮುಗಿದ ಮೇಲೆ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ, "ಕೊಟ್ಟು ಕಳಿಸುವಾ?" ಅಂದ.

"ಇಲ್ಲ. ಅವನೇ ಓಡಿಸ್ಲಿ, ನಾವಿಬ್ರೂ ಕೂರುವ. ಅರಬೈಲ್ ಇಳಿದು ಹತ್ತಿ ಬರುವ. ಇವ ಗಾಡಿಗೆ ಎಂತ ಮಾಡ್ತಾನೆ, ನಾನು ಕಣ್ಣಾರೆ ನೋಡ್ಬೇಕು."

ನಾನು ಹಿಂದಿನ ಸೀಟಿನಲ್ಲಿ ಕೂತೆ. ಮೇಸ್ತ್ರಿ ಮುಂದೆ. ಊರು ದಾಟಿ ಇಳಿಜಾರು ಶುರುವಾದದ್ದೇ ತಡ, ಡ್ರೈವರು ಗೇರಿನ ಹಿಡಿಯನ್ನು ನ್ಯೂಟ್ರಲ್‌ಗೆ ತಳ್ಳಿ ಆರಾಮಾಗಿ ಒರಗಿದ.

"ಅದೇನೋ ತಮ್ಮಾ ಮಾಡ್ದೆ?"

"ಡೀಸೆಲ್ ಉಳಿತೈತ್ರಿ, ಯವ್ವಾ."

ಮೇಸ್ತ್ರಿ ಹಣೆ ಬಡಿದುಕೊಂಡ. ಇಂಥ ಬಾಕ್ಸಿನಲ್ಲಿ ಓಡುತ್ತಾ ಓಡುತ್ತಾ ನ್ಯೂಟ್ರಲ್‌ಗೆ ತಳ್ಳಿ, ಕೆಳಗೆ ಬಂದು ವೇಗದಲ್ಲಿರುವಾಗಲೇ ಮತ್ತೆ ಗೇರಿಗೆ ಎಳೆದರೆ, ಮೆಲ್ಲಗೆ ಒಂದನ್ನೊಂದು ಹಿಡಿಯಬೇಕಾದ ಪ್ಲೇಟುಗಳು ಒಂದೇ ಸಲಕ್ಕೆ ಕಚ್ಚಿಕೊಳ್ಳಬೇಕು. ದಿನಕ್ಕೆ ಹತ್ತು ಸಲ ಹೀಗೆ ಮಾಡಿದರೆ ಕಲ್ಲೂ ತೇಯುತ್ತದೆ. ಜೊತೆಗೆ ಇವನು ಪೂರ್ತಿ ನಿಲ್ಲಿಸದೆ ಹಿಂದಕ್ಕೆ ಹಾಕುವುದು, ಏರಿನಲ್ಲಿ ಬ್ರೇಕ್ ತುಳಿಯುವ ಬದಲು ಎಕ್ಸಲೇಟರಿನಲ್ಲೇ ಗಾಡಿ ಹಿಡಿದು ನಿಲ್ಲಿಸುವುದು, ಎಲ್ಲ ಕಂಡೆ. ಘಟ್ಟ ಇಳಿಯುವ ತನಕ ಬೈದೆ. ಹೊಟ್ಟೆ ತಣ್ಣಗಾಯಿತು. ಕಾರಣ ಸಿಕ್ಕಿತು, ಮೇಸ್ತ್ರಿ ಗೆದ್ದ ಅಂದುಕೊಂಡೆ.

ಬೈಯಲು ಒಬ್ಬ ಸಿಕ್ಕಿದರೆ ನಾನು ಹುಡುಕುವುದನ್ನು ನಿಲ್ಲಿಸುತ್ತೇನೆ. ಮೊದಲ ಸಲ ಟೋಚನ್ ಸಿಕ್ಕಿತ್ತು, ಈ ಸಲ ನ್ಯೂಟ್ರಲ್.

ಹತ್ತುವಾಗ ಸ್ಟೀರಿಂಗು ಮೇಸ್ತ್ರಿಯ ಕೈಗೆ ಕೊಡಿಸಿದೆ. ಅವನು ಓಡಿಸುವುದನ್ನು ನೋಡಿದರೆ ಗಾಡಿಗೆ ಜ್ವರ ಬಂದಿದೆ ಅನ್ನಬೇಕು, ಅಷ್ಟು ನಾಜೂಕು. ಆದರೂ ಅರ್ಧ ಘಟ್ಟ ಏರುವುದರೊಳಗೆ ಸ್ಟೀರಿಂಗಿನ ಹಿಂದಿನ ಮೀಟರ್ ಡಬ್ಬಿಯಲ್ಲಿ ಹಳದಿ ದೀಪವೊಂದು ಹೊತ್ತಿತು. ಮೇಸ್ತ್ರಿ ತಕ್ಷಣ ಬದಿಗೆ ನಿಲ್ಲಿಸಿದ.

"ಇದು ದಿನಾ ಹತ್ತತೈತಿ," ಅಂದ ಡ್ರೈವರು ಹಿಂದಿನಿಂದ. "ಮ್ಯಾಲ ಹೋಗಿ ನಿಂತ್ರ ಆರತೈತಿ. ನಾಕೂ ಗಾಲಿ ಎಳಿಯೂ ದೀಪ ಅಂತ ಬಿಟ್ಟೇನಿ."

"ಗೇರ್ ಬಾಕ್ಸ್ ಬಿಸಿ ಆಗಿದೆ ಅಂತ ಹೇಳೂ ದೀಪ ಅದು!" ಮೇಸ್ತ್ರಿ ಹಲ್ಲು ಕಚ್ಚಿ ಹೇಳಿದ. "ದಿನಾ ಬೊಬ್ಬೆ ಹೊಡೀತಾ ಇದೆ ಅದು, ನಿನ್ನ ಮುಖದ ಮುಂದೆ."

ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮಾತ್ರ ನಡುವಿನಲ್ಲಿ ನೆಟ್ಟಗೆ ನಿಂತಿತ್ತು. ಇಂಜಿನ್ ತಣ್ಣಗಿದೆ, ಬಾಕ್ಸು ಕಾದಿದೆ. ಮೇಸ್ತ್ರಿ ಬಾನೆಟ್ ಎತ್ತಿ, ಬಟ್ಟೆ ಸುತ್ತಿದ ಕೈಯಿಂದ ಬಾಕ್ಸಿನ ಎರಡು ಕೊಳವೆಗಳನ್ನು ಮುಟ್ಟಿ ನೋಡಿದ. ಬಾಕ್ಸಿನ ಕಾದ ಆಯಿಲ್ ಒಂದು ಕೊಳವೆಯಲ್ಲಿ ರೇಡಿಯೇಟರಿಗೆ ಹೋಗುತ್ತದೆ. ರೇಡಿಯೇಟರಿನ ಕೆಳಗಿನ ತೊಟ್ಟಿಯಲ್ಲಿ, ನೀರಿನ ನಡುವೆ, ಒಂದು ಹಿತ್ತಾಳೆಯ ನಳಿಗೆ ಮಲಗಿರುತ್ತದೆ. ಆಯಿಲ್ ಅದರೊಳಗೆ ಹರಿದು, ನೀರಿಗೆ ಬಿಸಿ ಬಿಟ್ಟುಕೊಟ್ಟು, ಇನ್ನೊಂದು ಕೊಳವೆಯಲ್ಲಿ ತಣ್ಣಗಾಗಿ ಹಿಂತಿರುಗಬೇಕು.

"ಅಕ್ಕಾ, ಮುಟ್ಟಿ. ಹೋಗೂದೂ ಬಿಸಿ, ಬರೂದೂ ಅಷ್ಟೇ ಬಿಸಿ."

ಮುಟ್ಟಿದೆ. ಬಟ್ಟೆಯ ಮೇಲಿಂದಲೂ ಕೈ ಸುಟ್ಟಿತು, ಎರಡೂ ಕಡೆ ಒಂದೇ ಸಮ.

ಅಲ್ಲಿಗೆ ನನ್ನ ಬೈಗುಳವೆಲ್ಲ ನೀರಿಗೆ ಹೋಯಿತು. ಡ್ರೈವರು ದಡ್ಡನಿರಬಹುದು, ಆದರೆ ಈ ಏರಿನಲ್ಲಿ ಓಡಿಸಿದವನು ಅವನಲ್ಲ. ಗಂಟೆ ಹೊತ್ತು ಅಲ್ಲೇ ಬಂಡೆಯ ಮೇಲೆ ಕೂತು, ದೀಪ ಆರಿದ ಮೇಲೆ ನಿಧಾನ ಬಂದೆವು. ಬಾಕ್ಸನ್ನು ಮೂರನೇ ಸಲ ಬಿಚ್ಚುವುದಿಲ್ಲ, ಮೊದಲು ರೇಡಿಯೇಟರ್ ನೋಡುವುದು ಅಂತ ದಾರಿಯಲ್ಲೇ ತೀರ್ಮಾನಿಸಿದೆ.

ದೀಪ ಹೊತ್ತಿದ ಸುದ್ದಿಯನ್ನು ಡ್ರೈವರಿನಿಂದ ಕೇಳಿ, ಮರುದಿನ ಬೆಳಿಗ್ಗೆ ಗುತ್ತಿಗೆದಾರ ಹುಬ್ಬಳ್ಳಿಯಿಂದ ಒಬ್ಬ ತಜ್ಞನನ್ನು ಕರೆದುಕೊಂಡು ಬಂದ. ತಜ್ಞನ ಕೈ ನೋಡಿದೆ. ಉಗುರಿನ ಸಂದಿಯಲ್ಲಿ ಒಂದು ಗೆರೆ ಕಪ್ಪಿಲ್ಲ. ಅಂಥ ಕೈಯನ್ನು ನಾನು ಮದುವೆ ಮನೆಯಲ್ಲಿ ನಂಬುತ್ತೇನೆ, ಗ್ಯಾರೇಜಿನಲ್ಲಿ ನಂಬುವುದಿಲ್ಲ. ಮೇಸ್ತ್ರಿ ಎರಡು ಕೊಳವೆಯ ವಿಷಯ ಹೇಳಿದ. ತಜ್ಞ ಕೇಳಿದ ಹಾಗೆ ಮಾಡಿ, "ರೇಡಿಯೇಟರಿಗೆ ಸೋಡಾ ಹಾಕಿ ತೊಳೀರಿ" ಅಂದ. ಬಟ್ಟೆ ಒಗೆಯುವ ಸೋಡಾವನ್ನು ಬಿಸಿನೀರಿನಲ್ಲಿ ಕರಗಿಸಿ, ರೇಡಿಯೇಟರಿಗೆ ತುಂಬಿ, ಇಂಜಿನ್ ಸ್ವಲ್ಪ ಓಡಿಸಿ ಬಿಟ್ಟೆವು. ಕೆಳಗಿನ ಬಿರಡೆ ತೆಗೆದಾಗ ಬಕೆಟಿಗೆ ಬಿದ್ದದ್ದು ಕೆಂಪು ನೀರು.

ತಜ್ಞ ಎರಡು ಹೆಜ್ಜೆ ಹಿಂದೆ ಸರಿದು, ಪ್ಯಾಂಟು ಕಾಪಾಡಿಕೊಂಡು, ಬೆರಳು ತೋರಿಸಿದ. "ನೋಡ್ರಿ, ಗೇರ್ ಆಯಿಲ್. ಒಳಗಿನ ನಳಿಗಿ ತೂತ ಬಿದ್ದೈತಿ. ಆಯಿಲ್ ನೀರಿಗೆ, ನೀರು ಬಾಕ್ಸಿಗೆ. ಎರಡು ಸಲ ಬಾಕ್ಸ್ ಬಿಚ್ಚಿದವರಿಗೆ ಇದು ಕಾಣಬೇಕಿತ್ತು. ಕಾಣಲಿಲ್ಲ ಅಂದ್ರ ಒಂದೋ ಕೆಲಸ ಬರಂಗಿಲ್ಲ, ಇಲ್ಲಾ ಬೇಕಂತ ಮುಚ್ಚ್ಯಾರ."

"ನೀರು ಸೇರಿದ್ರೆ ಬಾಕ್ಸಿನ ಆಯಿಲ್ ಹಾಲಿನ ಹಾಗೆ ಆಗ್ಬೇಕು," ಅಂದ ಮೇಸ್ತ್ರಿ. ಕಡ್ಡಿ ಎಳೆದು ತೋರಿಸಿದ. ಆಯಿಲ್ ಸ್ವಚ್ಛ ಕೆಂಪು.

"ಇನ್ನ ಮ್ಯಾಲ ಆಗತೈತಿ."

ಮೇಸ್ತ್ರಿ ರೇಡಿಯೇಟರ್ ಇಳಿಸಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ನಳಿಗೆಗೆ ಗಾಳಿ ಒತ್ತಿ ತೋರಿಸಿದ. ಒಂದು ಗುಳ್ಳೆ ಏಳಲಿಲ್ಲ. ತಜ್ಞ ಗಡಿಯಾರ ನೋಡಿಕೊಂಡು, ಬಿಸಿಯಾದಾಗ ಮಾತ್ರ ಬಾಯಿ ಬಿಡುವ ಬಿರುಕು ಇರುತ್ತದೆ ಅಂದ. ಹಾಗೆ ಹೇಳಿದರೆ ಯಾರು ಏನು ತೋರಿಸಿದರೂ ಅವನೇ ಸರಿ.

ಗುತ್ತಿಗೆದಾರನಿಗೆ ಅಷ್ಟು ಸಾಕಾಯಿತು. "ಸಂಜೆ ಸ್ಟೇಷನ್ನಿಗೆ ಹೋಗ್ತೇನೆ," ಅಂದ. ಮೇಸ್ತ್ರಿ ತನ್ನ ಪಾನಾಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕತೊಡಗಿದ. ಅವನು ಕೆಲಸದ ನಡುವೆ ಪೆಟ್ಟಿಗೆ ತುಂಬಿಸಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ನಾನು ಬಕೆಟನ್ನು ಆಚೆ ಚೆಲ್ಲಲು ಎತ್ತಿದೆ. ನೀರು ತುಳುಕಿ ಕೈ ಮೇಲೆ ಬಿತ್ತು. ಆಯಿಲ್ ಆಗಿದ್ದರೆ ಜಿಡ್ಡು ಇರಬೇಕು. ಇರಲಿಲ್ಲ. ಆಯಿಲ್ ನೀರಿನ ಮೇಲೆ ತೇಲಬೇಕು. ಇದು ತಳದ ತನಕ ಒಂದೇ ಕೆಂಪು. ಈ ಕೆಂಪನ್ನು ನಾನು ಗ್ಯಾರೇಜಿನಲ್ಲಿ ಕಂಡದ್ದಲ್ಲ. ಮದುಮಕ್ಕಳು ಹೊಸ್ತಿಲಿಗೆ ಬಂದಾಗ ಹರಿವಾಣದಲ್ಲಿ ಕದಡಿ ನಿವಾಳಿಸುವ ಓಕುಳಿಯ ಕೆಂಪು. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಬರುವ ಕೆಂಪು. ಅರಿಶಿನ ತಾಗಿದ ಸೀರೆಗೆ ಸೋಡಾ ತಿಕ್ಕಿದರೂ ಅದೇ ಬರುತ್ತದೆ. ಮನೆಯಲ್ಲಿ ಬಟ್ಟೆ ಒಗೆದ ಹೆಂಗಸಿಗೆಲ್ಲ ಇದು ಗೊತ್ತು. ಅಲ್ಲಿ ನಿಂತಿದ್ದ ನಾಲ್ಕು ಗಂಡಸರಲ್ಲಿ ಒಬ್ಬನೂ ತನ್ನ ಬಟ್ಟೆ ತಾನು ಒಗೆದವನಲ್ಲ ಅಂತ ಕಾಣುತ್ತದೆ.

ಒಳಗೆ ಹೋಗಿ ಲಿಂಬೆಹಣ್ಣು ಕೊಯ್ದು ತಂದೆ. ಗಾಜಿನ ಲೋಟಕ್ಕೆ ಆ ನೀರು ಸ್ವಲ್ಪ ತುಂಬಿಸಿ ತಜ್ಞನ ಮೂಗಿನ ಮುಂದೆ ಹಿಡಿದೆ.

"ಇದು ಎಂತ ಅಂದ್ರಿ?"

"ಗೇರ್ ಆಯಿಲ್."

ಲಿಂಬೆ ಹಿಂಡಿದೆ. ಬುಸ್ಸೆಂದು ನೊರೆ ಎದ್ದಿತು. ಇನ್ನೊಂದು ಹೋಳು ಹಿಂಡಿದೆ. ನೊರೆ ಇಳಿದಾಗ ಲೋಟದಲ್ಲಿದ್ದದ್ದು ಹಳದಿ ನೀರು.

"ಈಗ ಎಂತ ಅಂತೀರಿ? ಶರಬತ್ತಾ?"

ಮೇಸ್ತ್ರಿ ಪೆಟ್ಟಿಗೆ ಬಿಟ್ಟು ಎದ್ದು ಬಂದ. ರೇಡಿಯೇಟರಿನ ಕೆಳಗಿನ ತೊಟ್ಟಿಯ ಬೆಸುಗೆಯನ್ನು ಬೆಂಕಿಯಿಂದ ಬಿಡಿಸಿ ಕಳಚಿದ. ಹಿತ್ತಾಳೆಯ ನಳಿಗೆ ಕಾಣಲೇ ಇಲ್ಲ. ಅದರ ಸುತ್ತ ಬೆರಳು ದಪ್ಪದ ಹಳದಿ ಕೆಸರು, ಬೆಂದು ಬೆಂದು ಗಟ್ಟಿಯಾಗಿ, ನಳಿಗೆಗೆ ರಗ್ಗು ಹೊದಿಸಿದ ಹಾಗೆ ಕೂತಿತ್ತು. ಸೋಡಾ ಅದರ ಮೇಲ್ಮೈಯನ್ನು ಮಾತ್ರ ಕೆರೆದಿತ್ತು. ಇಂಜಿನ್ನಿನ ನೀರು ಮೇಲಿನ ಸಂದಿಗಳಲ್ಲಿ ಹರಿದು ತಣ್ಣಗಾಗುತ್ತಿತ್ತು, ಅದಕ್ಕೇ ಮುಳ್ಳು ನೆಟ್ಟಗಿತ್ತು. ತಳದ ನಳಿಗೆಯ ಬಿಸಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ. ಮೇಸ್ತ್ರಿ ಊದಿ ನೋಡಿದ್ದು ನಳಿಗೆಯ ಒಳಗನ್ನು. ಕಟ್ಟಿಕೊಂಡಿದ್ದು ಹೊರಗೆ.

"ಅರಿಶಿನ," ಅಂದ ಮೇಸ್ತ್ರಿ. "ಯಾರೋ ಲಾರಿ ವೈದ್ಯ ಮಾಡಿದ್ದಾರೆ."

ರೇಡಿಯೇಟರ್ ಸೋರಿದರೆ ಲಾರಿಯವರು ಅರಿಶಿನ ಪುಡಿ ಹಾಕುತ್ತಾರೆ. ಬಿಸಿನೀರಿನಲ್ಲಿ ಅದು ಉಬ್ಬಿ, ತೂತು ಹುಡುಕಿಕೊಂಡು ಹೋಗಿ, ಅಲ್ಲಿ ಒಣಗಿ ಕೂರುತ್ತದೆ. ಊರು ತಲುಪುವ ತನಕ ಸಾಕು. ಲಾರಿಯ ರೇಡಿಯೇಟರಿನೊಳಗೆ ಗೇರಿನ ನಳಿಗೆ ಇರುವುದಿಲ್ಲ, ಹಾಗಾಗಿ ಗೇರಿಗೆ ಬಾಧೆಯಿಲ್ಲ.

ಗುತ್ತಿಗೆದಾರ ಡ್ರೈವರಿನ ಕಡೆ ತಿರುಗಿದ. "ನೀನೇ ಅಲ್ಲವಾ? ಲಾರಿ ಬುದ್ಧಿ!"

"ನನ್ನ ಮಕ್ಕಳ ಆಣಿ ಮಾಡಿ ಹೇಳ್ತೇನ್ರಿ, ಸಾವಕಾರ್ರ, ನಾ ಹಾಕಿಲ್ಲ!" ಡ್ರೈವರು ಕೈ ಮುಗಿದ. "ದೀಪಾವಳಿ ಟೈಮಿನ್ಯಾಗ ಸೋರತಿತ್ತು, ಖರೆ. ಇಲ್ಲೇ ತಂದು ನಿಲ್ಸಿದ್ದೆ. ನಾ ಊಟ ಮಾಡಿ ಬರೂದ್ರಾಗ ನಿಂತಿತ್ತು. ಸರಿ ಮಾಡ್ಯಾರ ಅಂತ ತಗೊಂಡ್ ಹ್ವಾದೆ."

ಆಗ ನನಗೆ ನೆನಪಾಯಿತು. ಇದನ್ನು ಮೊದಲೇ ಬರೆಯಬೇಕಿತ್ತೇನೋ. ಆದರೆ ನೆನಪಾದದ್ದೇ ಆಗ.

ದೀಪಾವಳಿಯ ಸಮಯಕ್ಕೆ ಮೇಸ್ತ್ರಿ ಮಗಳ ನಿಶ್ಚಯಕ್ಕೆ ಊರಿಗೆ ಹೋಗಿದ್ದ. ಅಂಗಳದಲ್ಲಿ ಮೂರು ಗಾಡಿಗಳು ಸೋರುತ್ತಾ ನಿಂತಿದ್ದವು. ಎರಡು ಲಾರಿ, ಒಂದು ಜೀಪು. ನಾನು ಅಡುಗೆಮನೆಯಿಂದ ಅರಿಶಿನದ ಡಬ್ಬಿ ತಂದು, ಮೂರಕ್ಕೂ ಎರಡೆರಡು ಮುಷ್ಟಿ ಹಾಕಿದ್ದೆ. ಲಾರಿಯ ಅಳತೆಯನ್ನೇ ಜೀಪಿಗೂ. ಸೋರುವುದು ನಿಂತಿತು. ಕೈ ತೊಳೆದು ಅನ್ನಕ್ಕೆ ಇಟ್ಟೆ. ಮೇಸ್ತ್ರಿ ಬಂದ ಮೇಲೆ ಹೇಳುವಷ್ಟು ದೊಡ್ಡ ಕೆಲಸ ಅಂತ ನನಗೆ ಅನಿಸಲೂ ಇಲ್ಲ.

ಅಂಗಳದಲ್ಲಿ ಐದು ಜನ. ನಾನು ಹಾಕಿದ್ದನ್ನು ಕಂಡವರು ಯಾರೂ ಇಲ್ಲ. ನಾನು ಸುಮ್ಮನಿದ್ದರೆ ಡ್ರೈವರಿನ ಆಣೆಯನ್ನು ಯಾರೂ ನಂಬುತ್ತಿರಲಿಲ್ಲ. ಸಂಜೆಯೊಳಗೆ ಅವನ ಕೆಲಸ ಹೋಗುತ್ತಿತ್ತು, ಮೇಸ್ತ್ರಿಯ ಹೆಸರು ಉಳಿಯುತ್ತಿತ್ತು, ನನ್ನ ಗ್ಯಾರೇಜೂ ಉಳಿಯುತ್ತಿತ್ತು. ಆ ಡ್ರೈವರು ನನಗೆ ಏನೂ ಆಗಬೇಕಾದವನಲ್ಲ. ನ್ಯೂಟ್ರಲ್‌ನಲ್ಲಿ ಘಟ್ಟ ಇಳಿಯುವವನು, ದಿನಾ ಹೊತ್ತುವ ದೀಪ ಕಂಡು ಕಾಣದವನು. ಎಷ್ಟು ಹೊತ್ತು ಹಾಗೆ ಯೋಚಿಸಿದೆನೋ ಗೊತ್ತಿಲ್ಲ. ಯೋಚಿಸಿದ್ದು ಹೌದು, ಅದನ್ನು ಮುಚ್ಚಿಡುವುದಿಲ್ಲ.

"ಅವನಲ್ಲ. ಹಾಕಿದ್ದು ನಾನು," ಅಂದೆ.

ಗುತ್ತಿಗೆದಾರ ನನ್ನನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂತ ಅಮ್ಮಾ, ಜೀಪಿಗೆ ಮದುವೆ ಮಾಡಿದ್ರಾ? ಅರಿಶಿನ ಹಚ್ಚಿದ್ರಿ, ಓಕುಳಿನೂ ಆಯ್ತು. ತಾಳಿ ಯಾವಾಗ?"

ತಜ್ಞನೂ ನಕ್ಕ. ಅವನಿಗೆ ನಗಲು ಕಾರಣ ಬೇಕಿತ್ತು. ಮೇಸ್ತ್ರಿ ನಗಲಿಲ್ಲ. ಕೈಯಲ್ಲಿದ್ದ ಹಳದಿ ಕೆಸರನ್ನು ಬಟ್ಟೆಗೆ ಒರೆಸಿ, "ನೀವಾ ಅಕ್ಕಾ?" ಅಂದ. ಅಷ್ಟೇ. ಎರಡು ಸಲ ಅವನು ಜೀಪಿನ ಕೆಳಗೆ ಮಲಗಿ, ಆ ಬೆನ್ನಿಟ್ಟುಕೊಂಡು, ಆ ಬಾಕ್ಸು ಇಳಿಸಿ ಏರಿಸಿದ್ದ.

"ಹೊಸ ರೇಡಿಯೇಟರ್ ನನ್ನ ಕಡೆಯಿಂದ," ಅಂದೆ ಗುತ್ತಿಗೆದಾರನಿಗೆ. "ಬಾಕ್ಸಿಗೆ ಬೇರೆಯೇ ಸಣ್ಣ ಕೂಲರ್ ಮುಂದೆ ಕೂರಿಸಿ ಕೊಡ್ತೇವೆ, ಇನ್ನು ನೀರಿನ ಹಂಗೇ ಬೇಡ. ಆದ್ರೆ ನೀವು ಹೊಟೇಲಿಗೆ ಬಂದು, ಅವತ್ತು ಹೇಳಿದ ಹಾಗೇ ಗಟ್ಟಿಯಾ​ಗಿ, ಮೇಸ್ತ್ರಿ ಕಳ್ಳ ಅಲ್ಲ ಅಂತ ಹೇಳ್ಬೇಕು."

"ನಾನ್ಯಾಕೆ ಹೇಳ್ಬೇಕು? ಹಾಳು ಮಾಡಿದ್ದು ನಿಮ್ಮ ಗ್ಯಾರೇಜೇ ಅಲ್ವಾ? ಕಂಪ್ಲೇಂಟ್ ಕೊಡೂದಿಲ್ಲ, ಹೋಗ್ಲಿ. ಅದೇ ಹೆಚ್ಚಾಯ್ತು."

ಅಂಥವನ ಬಾಯಿಂದ ಸರಿಯಾದ ಮಾತು ಕೇಳುವುದರಷ್ಟು ಅಸಹ್ಯ ಬೇರೆ ಇಲ್ಲ. ಅವನು ತಜ್ಞನನ್ನು ಕೂರಿಸಿಕೊಂಡು ಹೊರಟುಹೋದ.

ಮೇಸ್ತ್ರಿ ಜೀಪಿನ ಕೆಳಗೆ ಸೇರಿಕೊಂಡ. ನಿನ್ನೆಯ ಬಿಸಿಗೆ ಹೊಸ ಪ್ಲೇಟುಗಳಿಗೆ ಏನಾದರೂ ಆಗಿದೆಯೋ ನೋಡಬೇಕು ಅಂತ ಆಯಿಲ್ ಇಳಿಸಿ ಚೇಂಬರ್ ಬಿಚ್ಚತೊಡಗಿದ. ಬೋಲ್ಟುಗಳನ್ನು ನನ್ನ ಕೈಗೆ ಕೊಡಲಿಲ್ಲ, ಮಣ್ಣಿನ ಮೇಲೆ ಇಟ್ಟ. ನಾನು ಅವನ್ನು ಹೆಕ್ಕಿ ತೊಳೆದು ಗೋಣಿಯ ಮೇಲೆ ಸಾಲಿಟ್ಟೆ.

ಮೂರು ಗಂಟೆಯ ಚಾಕ್ಕೆ ಹೊಟೇಲು ತುಂಬುತ್ತದೆ. ಅದಿರಿನ ಲಾರಿಗಳು ಎರಡೂ ಬದಿಗೆ ನಿಂತಿದ್ದವು. ರಸ್ತೆ ದಾಟಿ ಹೋಗಿ ಬಾಗಿಲಲ್ಲಿ ನಿಂತೆ. ಅವತ್ತು ಇದ್ದವರಲ್ಲಿ ನಾಲ್ಕೈದು ಮುಖ ಗುರುತು ಸಿಕ್ಕಿತು. ಉಳಿದವರಿಗೂ ಸುದ್ದಿ ಹೋಗಿರುತ್ತದೆ. ಘಟ್ಟದ ಮೇಲೆ ಕಳ್ಳ ಅನ್ನುವ ಮಾತಿನಷ್ಟು ಬೇಗ ಓಡುವ ಗಾಡಿ ಇಲ್ಲ.

"ಕೇಳ್ರೋ," ಅಂದೆ. "ಆ ಬಿಳಿ ಜೀಪಿನ ಪ್ಲೇಟು ಯಾರೂ ಕದ್ದಿಲ್ಲ. ಹೊಸದನ್ನೇ ಹಾಕಿದ್ದು. ರೇಡಿಯೇಟರಿಗೆ ಅರಿಶಿನ ಸುರಿದು ಎರಡು ಸಲ ಬಾಕ್ಸು ಸುಟ್ಟವಳು ನಾನು. ಮೇಸ್ತ್ರಿ ಕಟ್ಟಿದ್ದು ಎರಡು ಸಲವೂ ಸರಿ ಇತ್ತು. ಇನ್ನು ಮೇಲೆ ಕಳ್ಳ ಅಂದವರ ಗಾಡಿ ನನ್ನ ಅಂಗಳಕ್ಕೆ ಬರಬಾರದು."

ಯಾರೋ ಮೂಲೆಯಲ್ಲಿದ್ದವನು, "ಯವ್ವಾ, ನಮ್ ಲಾರಿಗೂ ನೀನ ಹಾಕಿರ್ಬೇಕು, ಕುಂಕುಮ ಯಾವಾಗ ಹಚ್ಚತಿ?" ಅಂದ. ಹೊಟೇಲೆಲ್ಲ ನಕ್ಕಿತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಹೊಟೇಲಿನವನೂ ನಕ್ಕ. ನಗಲಿ. ಮುಂದೆ ತಿಂಗಳುಗಟ್ಟಲೆ ನನ್ನನ್ನು ಅರಿಶಿನದಜ್ಜಿ ಅಂತಲೇ ಕರೆದರು. ಅಲ್ಲಿದ್ದವರಲ್ಲಿ ಒಬ್ಬನೂ ಇಂಥ ತಪ್ಪು ಮಾಡದವನಲ್ಲ. ಮಾಡಿದ್ದನ್ನು ಇನ್ನೊಬ್ಬನ ತಲೆಗೆ ಕಟ್ಟದೆ ಹೇಳಿದವರು ಎಷ್ಟು ಜನ ಅಂತ ಕೇಳುವ ಮನಸ್ಸಾಗಿತ್ತು, ಕೇಳಲಿಲ್ಲ.

ತಿರುಗಿದರೆ ಹಿಂದೆ ಮೇಸ್ತ್ರಿ ನಿಂತಿದ್ದ. ಮೊಣಕೈ ತನಕ ಆಯಿಲ್. ಯಾವಾಗ ರಸ್ತೆ ದಾಟಿ ಬಂದಿದ್ದನೋ, ಎಷ್ಟು ಕೇಳಿಸಿಕೊಂಡಿದ್ದನೋ.

"ಸಾಕು ಬನ್ನಿ ಅಕ್ಕಾ," ಅಂದ. "ಬಾಕ್ಸು ಬಾಯಿ ತೆರೆದಿಟ್ಟು ಬಂದಿದ್ದೇನೆ. ಲಾರಿ ಧೂಳು ಕೂರ್ತದೆ."